ಗೃಹಪ್ರವೇಶಕ್ಕೆ ಐನೂರು ಜನ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳದೇ ಇರಬೇಕು?

ಕುಂದುವಾಡ ಕೆರೆ ಪಕ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ಮಾಘದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶವಿದೆ. ನೆಂಟರು, ಶಾಲೆಯ ಸಹೋದ್ಯೋಗಿಗಳು, ಓಣಿಯವರು ಎಲ್ಲರೂ ಸೇರಿದರೆ ಐನೂರರ ಆಸುಪಾಸು ಎಲೆ ಬೀಳುತ್ತದೆ. ಊಟ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ, ಶಾಮಿಯಾನದ ಕೆಳಗೆ.

ಆ ಖಾಲಿ ನಿವೇಶನವೇ ನನ್ನ ಚಿಂತೆಗೆ ಕಾರಣ. ನಮ್ಮ ಬಡಾವಣೆಯಲ್ಲಿ ಯಾರ ಮನೆಯ ಕಾರ್ಯ ಮುಗಿದರೂ ಮರುದಿನ ಲೋಟ, ನೀರಿನ ಬಾಟಲಿ, ಬೆಳ್ಳಿ ಬಣ್ಣದ ತಟ್ಟೆಗಳು ಗಾಳಿಗೆ ಹಾರಿ ಚರಂಡಿಗೆ ಇಳಿದಿರುತ್ತವೆ. ದಾವಣಗೆರೆಗೆ ಕುಡಿಯುವ ನೀರು ಹಿಡಿದಿಡುವ ಕೆರೆ ಇಲ್ಲಿಂದ ಕೂಗಳತೆಯಲ್ಲಿದೆ. ನಮ್ಮ ಮನೆಯ ಮೊದಲ ಊಟದ ಒಂದು ಲೋಟವೂ ಆ ಕಡೆ ಹೋಗಬಾರದು ಎಂಬುದು ನನ್ನ ಆಸೆ.

ಪೇಟೆಯಲ್ಲಿ ವಿಚಾರಿಸಿದರೆ ಪ್ರತಿಯೊಂದಕ್ಕೂ ಒಂದು ‘ಪರಿಸರಸ್ನೇಹಿ’ ಬದಲಿ ತೋರಿಸುತ್ತಾರೆ. ಪ್ಲಾಸ್ಟಿಕ್ ತಟ್ಟೆಗೆ ಅಡಿಕೆ ಹಾಳೆಯ ತಟ್ಟೆ, ಪ್ಲಾಸ್ಟಿಕ್ ಲೋಟಕ್ಕೆ ಕಾಗದದ ಲೋಟ, ತಾಂಬೂಲಕ್ಕೆ ನಮ್ಮ ಹೆಸರು ಅಚ್ಚು ಹಾಕಿದ ‘ಬಟ್ಟೆ’ ಚೀಲ. ನೀರಿಗೆ ಮಾತ್ರ ಸಣ್ಣ ಬಾಟಲಿಯೇ ಬೇಕು, ಬಂದವರು ಬೇರೆ ನೀರು ಮುಟ್ಟುವುದಿಲ್ಲ ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಿಜಕ್ಕೂ ಒಳ್ಳೆಯದು? ಖರ್ಚು ಸ್ವಲ್ಪ ಹೆಚ್ಚಾದರೂ ಸರಿ. ಹೆಸರಿಗೆ ಮಾತ್ರ ಹಸಿರಾದ ಸಾಮಾನಿಗೆ ದುಡ್ಡು ಸುರಿಯಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಅಡುಗೆ ಗುತ್ತಿಗೆದಾರ, ಹಳೇಪೇಟೆ

ಮೇಡಂ, ಮೊದಲು ಒಂದು ವಿಷಯ ತೀರ್ಮಾನವಾಗಬೇಕು: ಪಂಕ್ತಿ ಊಟವೋ, ಬಫೆಯೋ? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಪಂಕ್ತಿಯಾದರೆ ಬಾಳೆ ಎಲೆ ಹಾಕಿಸಿ, ತಟ್ಟೆಯ ಮಾತೇ ಏಳುವುದಿಲ್ಲ. ಬಫೆಯಾದರೆ ಶಾಮಿಯಾನದವರ ಬಳಿಯೇ ಸ್ಟೀಲ್ ತಟ್ಟೆ, ಲೋಟ ಬಾಡಿಗೆಗೆ ಸಿಗುತ್ತವೆ. ತೊಳೆಯಲು ಇಬ್ಬರು ಮೂವರು ಹೆಂಗಸರಿಗೆ ಕೂಲಿ ಕೊಡಬೇಕಾಗುತ್ತದೆ. ಎಸೆಯುವ ತಟ್ಟೆ, ಲೋಟ ಕೊಳ್ಳುವ ದುಡ್ಡು ಹಾಗೆ ನಮ್ಮೂರಿನ ಕೈಗಳಿಗೇ ಹೋಗುತ್ತದೆ. ನಾನಂತೂ ಇದನ್ನು ಸಂತೋಷದಿಂದ ಹೇಳುತ್ತೇನೆ.

ಇನ್ನೊಂದು ಮಾತು. ಎಲ್ಲರೂ ತಟ್ಟೆಯ ಬಗ್ಗೆ ಕೇಳುತ್ತಾರೆ, ತಟ್ಟೆಯ ಮೇಲೆ ಉಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಈ ಕೆಲಸದಲ್ಲಿ ನಾನು ಕಂಡಿರುವುದು ಇಷ್ಟು: ಎಲೆಯ ಮೇಲೆ ಹೆಚ್ಚು ಉಳಿಯುವುದು ಎರಡನೆಯ ಸಿಹಿ ಮತ್ತು ಎರಡನೆಯ ಅನ್ನದ ಪದಾರ್ಥ. ಹೋಳಿಗೆ ಇದ್ದ ಕಡೆ ಜಾಮೂನು ಬೇಡ. ಚಿತ್ರಾನ್ನ ಇದ್ದ ಕಡೆ ಪಲಾವ್ ಬೇಡ. ಪದಾರ್ಥ ಕಡಿಮೆಯಾದರೆ ಮರ್ಯಾದೆ ಕಡಿಮೆಯಾಯಿತು ಎಂದು ಮನೆಯ ಹಿರಿಯರು ತಿಳಿಯುತ್ತಾರೆ. ಆದರೆ ಬಿಸಿ ಹೋಳಿಗೆಯನ್ನು ಕೇಳಿ ಬಡಿಸಿ, ಮೇಲೆ ತುಪ್ಪ ಹಾಕಿದರೆ ಯಾರೂ ಪದಾರ್ಥ ಎಣಿಸುತ್ತಾ ಕೂರುವುದಿಲ್ಲ. ಬಡಿಸುವ ಹುಡುಗರಿಗೆ ‘ಕೇಳಿ ಬಡಿಸಿ’ ಎಂದು ಮೊದಲೇ ಹೇಳಿಡುವುದು ನನ್ನ ಜವಾಬ್ದಾರಿ.

ಚನ್ನಗಿರಿ ತೋಟದವರು

ಹಾಳೆ ತಟ್ಟೆಯ ಬಗ್ಗೆ ನಾನು ಹೇಳುತ್ತೇನೆ, ನಮ್ಮದು ಅಡಿಕೆ ತೋಟ. ಹಾಳೆಗಾಗಿ ಯಾರೂ ಮರ ಕಡಿಯುವುದಿಲ್ಲ. ಅದು ತಾನಾಗಿ ಕಳಚಿ ಬೀಳುತ್ತದೆ. ಆಯ್ದು, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಅಂಟು ಬೇಡ, ಬಣ್ಣ ಬೇಡ. ಊಟವಾದ ಮೇಲೆ ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಾಗುತ್ತದೆ. ಆ ಮಟ್ಟಿಗೆ ಇದು ಒಳ್ಳೆಯ ವಸ್ತುವೇ.

ಆದರೆ ನಮ್ಮ ವ್ಯಾಪಾರವೆಂದು ಸುಳ್ಳು ಹೇಳಲಾರೆ. ಬಾಳೆ ಎಲೆ ಸಿಗುವ ಊರಿನಲ್ಲಿ, ಪಂಕ್ತಿಯಲ್ಲಿ ಕೂರಿಸಿ ಬಡಿಸುವವರು ಹಾಳೆ ತಟ್ಟೆಯನ್ನು ಕೊಳ್ಳುವ ಅಗತ್ಯವಿಲ್ಲ. ತೊಳೆಯಲು ನೀರಿಲ್ಲದ ಕಡೆ, ಜಾತ್ರೆಯ ದಾಸೋಹದಲ್ಲಿ, ನಿಂತು ಉಣ್ಣುವ ಕಡೆ ಅದರ ಉಪಯೋಗ ದೊಡ್ಡದು. ಕೊಳ್ಳುವುದೇ ಆದರೆ ಹಿಂಬದಿ ತಿರುಗಿಸಿ ನೋಡಿ. ಕಪ್ಪು ಚುಕ್ಕಿ, ಮುಗ್ಗಲು ವಾಸನೆ ಇದ್ದರೆ ಹಾಳೆಯನ್ನು ಸರಿಯಾಗಿ ಒಣಗಿಸದೆ ಒತ್ತಿದ್ದಾರೆ ಎಂದು ಅರ್ಥ, ಅಂಥದ್ದು ಬೇಡ. ಮುತ್ತುಗದ ಎಲೆ ಕೊಳ್ಳುವಾಗಲೂ ಎಚ್ಚರವಿರಲಿ. ಕಡ್ಡಿ ಚುಚ್ಚಿ ಹಚ್ಚಿದ ಎಲೆ ಬೇರೆ, ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಯಂತ್ರದಲ್ಲಿ ಒತ್ತಿದ ಎಲೆ ಬೇರೆ. ಎರಡನೆಯದು ಮಣ್ಣಿಗೂ ಸೇರದು, ದನಕ್ಕೂ ಆಗದು.

ನಿವೃತ್ತ ಆರೋಗ್ಯ ನಿರೀಕ್ಷಕ

ಟೀಚರ್ ಅವರೇ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಸೇವೆಯಲ್ಲಿದ್ದಾಗ ಇಂಥ ಪ್ರಶ್ನೆಯನ್ನು ಕಾರ್ಯಕ್ರಮಕ್ಕೆ ಮೊದಲೇ ಕೇಳಿದವರು ಬಹಳ ಕಡಿಮೆ. ಮುಗಿದ ಮೇಲೆ ಗಾಡಿ ಕಳುಹಿಸಿ ಎಂದು ಕರೆಯುವವರೇ ಎಲ್ಲರೂ.

ಕಾಗದದ ಲೋಟದ ವಿಷಯ. ಬರೀ ಕಾಗದ ಬಿಸಿ ಚಹಾವನ್ನು ಹಿಡಿದು ನಿಲ್ಲುವುದಿಲ್ಲ, ಒಳಗೆ ಸಾಮಾನ್ಯವಾಗಿ ಪಾಲಿಥೀನಿನ ತೆಳು ಪದರ ಇರುತ್ತದೆ. ಖರಗಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 85ರಿಂದ 90 ಡಿಗ್ರಿ ಬಿಸಿಯ ದ್ರವವನ್ನು ಇಂಥ ಲೋಟದಲ್ಲಿ ಹದಿನೈದು ನಿಮಿಷ ಇಟ್ಟು ನೋಡಿದರು. 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಕುಡಿದ ಮೇಲೆ ಆ ಲೋಟ ಕಾಗದದ ಗಿರಣಿಗೂ ಬೇಡ, ಗುಜರಿಯವನಿಗೂ ಬೇಡ. ಪದರ ಬಿಡಿಸುವುದು ಕಷ್ಟ. ಸ್ಟೀಲ್ ಲೋಟ ತರಿಸಿ.

ಇನ್ನು ಆ ‘ಬಟ್ಟೆ’ ಚೀಲ. ಬೆಳಕಿಗೆ ಹಿಡಿದು ನೋಡಿ. ನೆಯ್ದ ಬಟ್ಟೆಯಲ್ಲಿ ಅಡ್ಡ, ಉದ್ದ ಎಳೆಗಳು ಕಾಣುತ್ತವೆ. ಈ ಚೀಲದಲ್ಲಿ ಎಳೆ ಇರುವುದಿಲ್ಲ, ಸಣ್ಣ ಸಣ್ಣ ಚುಕ್ಕಿ ಒತ್ತಿದ ಗುರುತು ಇರುತ್ತದೆ. ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲಕ್ಕೆ 2021ರ ಸೆಪ್ಟೆಂಬರ್ 30ರಿಂದಲೇ ನಿಷೇಧವಿದೆ. ಬಿಸಿಲಿಗೆ ಬಿದ್ದರೆ ಕೆಲವು ತಿಂಗಳಲ್ಲಿ ಪುಡಿಪುಡಿಯಾಗುತ್ತದೆ, ಆ ಪುಡಿಯನ್ನು ಆಯಲು ಯಾವ ಪೌರಕಾರ್ಮಿಕರಿಂದಲೂ ಆಗದು. ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳಿಗೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು. ಆದ್ದರಿಂದ ‘ಸ್ವಾಗತ’ ಎಂದು ಫ್ಲೆಕ್ಸ್ ಹಾಕಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ, ಮಾವಿನ ತೋರಣ ಸಾಕು.

ಕೊನೆಯದಾಗಿ, 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಒಂದು ಮಾತು ಬರೆದಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಸ್ಥಳೀಯ ಸಂಸ್ಥೆಗೆ ಕನಿಷ್ಠ ಮೂರು ಕೆಲಸದ ದಿನ ಮೊದಲು ತಿಳಿಸಬೇಕು, ಕಸವನ್ನು ಬೇರ್ಪಡಿಸಿ ಕೊಡಬೇಕು. ನಿಮ್ಮ ಖಾಲಿ ನಿವೇಶನದಂಥ ಜಾಗಕ್ಕೆಂದೇ ಬರೆದ ಮಾತು ಅದು. ಪಾಲಿಕೆಗೆ ಒಂದು ಪತ್ರ ಕೊಡಿ.

ಕೋಟೆ ಬೀದಿಯ ವಿದ್ಯಾರ್ಥಿ, ಚಿತ್ರದುರ್ಗ

ಎಲ್ಲರ ಮೇಲೂ ಗೌರವವಿಟ್ಟೇ ಕೇಳುತ್ತೇನೆ. ಒಂದು ದಿನದ ಐನೂರು ಲೋಟ ಉಳಿಸಿದರೆ ಏನು ಬದಲಾಗುತ್ತದೆ? ನಮ್ಮ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಲಾರಿಗಳ ಧೂಳಿನಲ್ಲಿ ಬೆಳೆ ಕೆಂಪಾಗಿರುವುದನ್ನು ನೋಡಿಕೊಂಡು ಬೆಳೆದಿದ್ದೇನೆ. ಪ್ಲಾಸ್ಟಿಕ್ ತಯಾರಿಸುವವರು ತಯಾರಿಸುತ್ತಲೇ ಇರುತ್ತಾರೆ. ಗೃಹಿಣಿಗೂ ಟೀಚರಿಗೂ ‘ನೀವು ಸರಿಯಾಗಿ ಕೊಂಡರೆ ಭೂಮಿ ಉಳಿಯುತ್ತದೆ’ ಎನ್ನುವುದು ದೊಡ್ಡವರ ಹೊಣೆಯನ್ನು ಸಣ್ಣವರ ಹೆಗಲಿಗೆ ದಾಟಿಸಿದಂತೆ ಅಲ್ಲವೇ?

ಹೊಳೆದಂಡೆ, ಹರಿಹರ

ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಹರಿಹರದವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಎರಡರಲ್ಲಿ ಒಂದನ್ನೇ ಮಾಡಬೇಕು ಎಂಬ ನಿನ್ನ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಎಂಬತ್ತರ ದಶಕದಲ್ಲಿ ಈ ಭಾಗದಲ್ಲಿ, ಹೊಳೆದಂಡೆಯ ರೇಯಾನ್ ಕಾರ್ಖಾನೆಯಿಂದಾದ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ ಹೋರಾಟ ಕಟ್ಟಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುತ್ತಾರೆ, ಅದಕ್ಕೆ ನೀಲಗಿರಿ ಬೇಕು. ಅದಕ್ಕೆಂದು ಸುಮಾರು 30,000 ಹೆಕ್ಟೇರ್ ಜಮೀನನ್ನು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಗೆ ಕೊಡಲು ಸರ್ಕಾರ ಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಮರಗಳ ಸಸಿ ನೆಟ್ಟರು. ನ್ಯಾಯಾಲಯದಲ್ಲಿಯೂ ಹೋರಾಡಿದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ನೀನು ಹೇಳಿದ ದೊಡ್ಡ ಹೋರಾಟ ಎಂದರೆ ಅಂಥದ್ದು. ಅದು ಬೇಕೇ ಬೇಕು. ಆದರೆ ಇವತ್ತು ಅಂಗಡಿಯಲ್ಲಿ ‘ಇದು ಸಹಜ ನಾರು, ಹತ್ತಿಯಷ್ಟೇ ಒಳ್ಳೆಯದು’ ಎಂದು ರೇಯಾನ್ ಕುರ್ತಾ ತೋರಿಸಿದಾಗ, ಆ ನೂಲಿನ ಹಿಂದೆ ಯಾವ ಕಾಡು, ಯಾವ ಹೊಳೆ ಇದೆ ಎಂದು ಕೇಳುವವರು ಎಷ್ಟು ಜನ? ಕೇಳುವ ಜನರಿರುವ ಊರಿನಲ್ಲಿಯೇ ಹೋರಾಟವೂ ಹುಟ್ಟುತ್ತದೆ. ಟೀಚರ್ ಅವರ ಪಂಕ್ತಿಯಲ್ಲಿ ಕೂತು ಎದ್ದ ಐನೂರು ಜನರಲ್ಲಿ ನಾಲ್ಕು ಮನೆಯವರು ಮುಂದಿನ ಕಾರ್ಯಕ್ಕೆ ಸ್ಟೀಲ್ ಲೋಟ ತರಿಸಿದರೂ ನನಗೆ ಅದು ಸಣ್ಣದಲ್ಲ.

ಗೃಹಪ್ರವೇಶಕ್ಕೆ ಬಟ್ಟೆ ಕೊಳ್ಳುವವರಿಗೂ ಒಂದು ಮಾತು. ನಮ್ಮ ಪಕ್ಕದ ಜಿಲ್ಲೆಯಲ್ಲೇ ಮೊಳಕಾಲ್ಮೂರು ಇದೆ. ಅಲ್ಲಿಯ ಕೈಮಗ್ಗದ ರೇಷ್ಮೆ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಐದು ಅಗ್ಗದ ಸೀರೆ ಕೊಳ್ಳುವ ಬದಲು ಒಂದೇ ಒಂದನ್ನು ಕೊಂಡು, ಮಗಳ ಕಾಲಕ್ಕೂ ಉಡಿಸಿ.

ಪರಿಸರ ವಿಜ್ಞಾನ ಉಪನ್ಯಾಸಕಿ

ವಿದ್ಯಾರ್ಥಿಯ ಪ್ರಶ್ನೆಯಲ್ಲಿ ಇನ್ನೊಂದು ಸತ್ಯವೂ ಇದೆ. ಎಲ್ಲ ಖರೀದಿಗಳ ತೂಕ ಒಂದೇ ಅಲ್ಲ. ಲೋಟದ ಕೆಡುಕು ಚರಂಡಿಯಲ್ಲಿ, ಕೆರೆಯಲ್ಲಿ, ದನದ ಹೊಟ್ಟೆಯಲ್ಲಿ ಕಾಣುತ್ತದೆ. ಹವಾಮಾನದ ಲೆಕ್ಕದಲ್ಲಿ ನೋಡಿದರೆ ಅದು ಚಿಕ್ಕದು. ಟೀಚರ್ ಅವರೇ, ಹೊಸ ಮನೆಗೆ ಫ್ಯಾನ್ ಕೊಂಡಾಗಿದೆಯೇ? ಇಲ್ಲವಾದರೆ ಅಲ್ಲಿ ನಿಮ್ಮ ಒಂದು ತೀರ್ಮಾನ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಹಳೆಯ ಬಗೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನದು ಸುಮಾರು 28 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದೊಂದು ಫ್ಯಾನಿನಿಂದ ವರ್ಷಕ್ಕೆ 200 ಯೂನಿಟ್‌ಗೂ ಹೆಚ್ಚು ಉಳಿತಾಯ. ಗೃಹಜ್ಯೋತಿಯಿಂದ ಬಿಲ್ ಬರುವುದಿಲ್ಲ, ಉಳಿಸಿ ಏನು ಮಾಡುವುದು ಎಂದು ಹಲವರು ಕೇಳುತ್ತಾರೆ. ನಾವು ದುಡ್ಡು ಕೊಡದಿದ್ದರೂ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ. ಯೂನಿಟ್ ಉಚಿತವಾದರೂ ಅದರ ಹೊಗೆ ಉಚಿತವಲ್ಲ.

ಈಗ ಚೀಲದ ವಿಷಯ. ಪ್ಲಾಸ್ಟಿಕ್ ಬೇಡ, ಹತ್ತಿ ಚೀಲ ಹೊಲಿಸಿ ಹಂಚೋಣ ಎಂದು ಇಲ್ಲಿ ಯಾರಾದರೂ ಹೇಳುವ ಮುಂಚೆ ನನ್ನ ಮಾತು ಕೇಳಿ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಲೆಕ್ಕ ಹಾಕಿದಂತೆ, ಹವಾಮಾನದ ಮೇಲಿನ ಪರಿಣಾಮದಲ್ಲಿ ಒಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಬೇಕಾದರೆ ಹತ್ತಿ ಚೀಲವನ್ನು 131 ಬಾರಿ ಬಳಸಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆಯ 2018ರ ವರದಿಯಲ್ಲಿ ಹವಾಮಾನಕ್ಕೆ ಮಾತ್ರ 52 ಬಾರಿ, ಎಲ್ಲ ಬಗೆಯ ಪರಿಣಾಮಗಳನ್ನೂ ಗಣಿಸಿದರೆ 7,100 ಬಾರಿ ಎಂದಿದೆ. ಈ ಲೆಕ್ಕಗಳು ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ಕಿನ ಹಾನಿಯನ್ನು ತೂಗುವುದಿಲ್ಲ, ನಮ್ಮಲ್ಲಿ ಅದೇ ದೊಡ್ಡ ಹಾನಿ. ಆದ್ದರಿಂದ ಪ್ಲಾಸ್ಟಿಕ್ ಚೀಲವೇ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ: ಬಟ್ಟೆ ಚೀಲ ಕೊಟ್ಟಾಕ್ಷಣ ಪುಣ್ಯ ಬರುವುದಿಲ್ಲ, ಅದನ್ನು ವರ್ಷಗಟ್ಟಲೆ ಸಂತೆಗೆ ಒಯ್ದರೆ ಮಾತ್ರ ಅದು ಉಪಕಾರ. ಪ್ರತಿ ಮದುವೆಯಿಂದ ಒಂದೊಂದು ಹೊಸ ಚೀಲ ಬಂದು ಬೀರುವಿನಲ್ಲಿ ಮಡಿಚಿ ಕೂತರೆ ಆ ಹತ್ತಿಯೂ ವ್ಯರ್ಥ, ಆ ನೀರೂ ವ್ಯರ್ಥ.

ಕುಂದುವಾಡ ಕೆರೆ ಪಕ್ಕದ ಟೀಚರ್

ಅಕ್ಕಾ, ಚೀಲದ ಬಗ್ಗೆ ನೀವು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಕೂಡಲೇ ಟ್ರಂಕ್ ತೆಗೆದು ತೋರಿಸಿದರು. ಉಡಿ ತುಂಬಿದಾಗ ಬಂದ ಕುಪ್ಪಸದ ಕಣಗಳು ಕಟ್ಟುಕಟ್ಟಾಗಿ ಇವೆ. ಒಬ್ಬರ ಮನೆಯಿಂದ ಬಂದದ್ದು ಇನ್ನೊಬ್ಬರ ಉಡಿಗೆ, ಅಲ್ಲಿಂದ ಮತ್ತೊಬ್ಬರ ಉಡಿಗೆ ಹೋಗುತ್ತಲೇ ಇರುತ್ತವೆ, ಹೊಲಿಸಿ ತೊಡುವವರು ಯಾರೂ ಇಲ್ಲ. ಹತ್ತಿಯ ಕಣಗಳನ್ನು ಆರಿಸಿ, ಓಣಿಯ ದರ್ಜಿಯ ಬಳಿ ಕೈಚೀಲ ಹೊಲಿಸಲು ಕೊಡುವುದೆಂದು ಇಬ್ಬರೂ ನಿರ್ಧರಿಸಿದೆವು. ಹೊಸ ಬಟ್ಟೆ ಕೊಳ್ಳುವುದೇ ಇಲ್ಲ. ಐನೂರು ಚೀಲ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ತಾಂಬೂಲವನ್ನು ಕೈಗೇ ಕೊಡುತ್ತೇವೆ. ವಯಸ್ಸಾದವರಿಗೆ, ದೂರದ ಊರಿಂದ ಬಂದವರಿಗೆ ಚೀಲ. ಮುತ್ತೈದೆಯರಿಗೆ ಉಡಿ ತುಂಬಲು ಸೆರಗಿದೆಯಲ್ಲ ಎಂದರು ಅತ್ತೆ.

ಫ್ಯಾನ್ ಇನ್ನೂ ಕೊಂಡಿಲ್ಲ. ನೀವು ಹೇಳಿದಂತೆ ನೋಡುತ್ತೇನೆ. ಆದರೆ ನೀರಿನ ಪ್ರಶ್ನೆ ಹಾಗೆಯೇ ಇದೆ.

ಮೊಳಕಾಲ್ಮೂರು ಶಿಕ್ಷಕ

ನೀರಿನ ಬಗ್ಗೆ ದಾವಣಗೆರೆಯವರಿಗೂ ನಮಗೂ ಒಂದೇ ಉತ್ತರ ಹೊಂದುವುದಿಲ್ಲ, ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ನಮ್ಮ ಕಡೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಳು ಕಳೆದರೆ ಕೀಲು, ಮೂಳೆ ಹಿಡಿದುಕೊಳ್ಳುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹಾಗಾಗಿ ನಮಗೆ ಶುದ್ಧ ನೀರಿನ ಘಟಕದ ಆರ್‌ಒ ನೀರು, ಎಂದರೆ ಫ್ಲೋರೈಡನ್ನೂ ಲವಣವನ್ನೂ ಸೋಸಿ ತೆಗೆದ ನೀರು, ಬೇಕೇ ಬೇಕು. ಆರ್‌ಒ ಯಂತ್ರವನ್ನು ದೂರುವವರು ದಯವಿಟ್ಟು ನಮ್ಮ ಹಳ್ಳಿಗಳನ್ನು ಮರೆಯಬೇಡಿ.

ನಿಮ್ಮ ನಲ್ಲಿಗೆ ಬರುವುದು ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು. ಲವಣಾಂಶ ಕಡಿಮೆಯಿರುವ ನದಿ ನೀರಿಗೆ ಮನೆಯಲ್ಲಿ ಆರ್‌ಒ ಹಾಕುವುದು ನನ್ನ ದೃಷ್ಟಿಯಲ್ಲಿ ತಪ್ಪು. ಮನೆಯ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣಾಂಶ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಹೊಸ ಮನೆಗೆ ಶುದ್ಧೀಕರಣ ಯಂತ್ರ ಕೊಳ್ಳುವ ಮೊದಲು ನೀರಿನ ಲವಣಾಂಶ ಅಳೆಸಿ.

ಗೃಹಪ್ರವೇಶದ ದಿನ ನಲ್ಲಿ ಇರುವ ಸ್ಟೀಲ್ ಡ್ರಮ್‌ಗಳಲ್ಲಿ ಕುದಿಸಿ ಆರಿಸಿದ ನೀರನ್ನು ತುಂಬಿಸಿಡಿ. ಇಲ್ಲವೇ ಘಟಕದಿಂದ 20 ಲೀಟರಿನ ಕ್ಯಾನ್ ತರಿಸಿ. ಸಣ್ಣ ಬಾಟಲಿಯನ್ನು ಅರ್ಧ ಕುಡಿದು ಅಲ್ಲಿಯೇ ಬಿಟ್ಟು ಏಳುತ್ತಾರೆ, ಒಳಗಿನ ನೀರೂ ಕಸವಾಗುತ್ತದೆ. ನಾವು ನೀರಿಗಾಗಿ ಕೊಡ ಹಿಡಿದು ನಿಂತವರು, ಅದನ್ನು ನೋಡಲು ಆಗುವುದಿಲ್ಲ.

ಎಣ್ಣೆ ಗಿರಣಿ ಮನೆತನ, ಚಳ್ಳಕೆರೆ

ಐನೂರು ಜನರ ಊಟ ಎಂದರೆ ಎಣ್ಣೆ ಡಬ್ಬಗಟ್ಟಲೆ ಬೇಕು. ಅದರ ಬಗ್ಗೆ ಯಾರೂ ಮಾತನಾಡದಿರುವುದು ನನಗೆ ಬೇಸರ ತಂದಿತು.

ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತಿದ್ದರು. ಸುತ್ತಲಿನ ಕೆಂಪು ನೆಲದ ಶೇಂಗಾ ಇಲ್ಲಿಯ ಗಿರಣಿಗಳಿಗೆ ಬರುತ್ತಿತ್ತು. ಮಳೆ ಕೈಕೊಟ್ಟು, ಅಗ್ಗದ ಆಮದು ಎಣ್ಣೆಯ ಎದುರು ದರ ನಿಲ್ಲದೆ ಒಂದೊಂದೇ ಗಿರಣಿಯ ಬಾಗಿಲು ಮುಚ್ಚಿತು. ಇವತ್ತು ದೇಶದಲ್ಲಿ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ. ಆ ತೋಟಗಳಿಗಾಗಿ ಅಲ್ಲಿ ಮಳೆಕಾಡು ಕಡಿದಿದ್ದಾರೆ. ನಾವು ಚಿತ್ರದುರ್ಗದಲ್ಲಿ ಬೋಂಡಾ ಕರಿದರೆ ಬೋರ್ನಿಯೋದ ಕಾಡಿಗೆ ಅದರ ಲೆಕ್ಕ ಮುಟ್ಟುತ್ತದೆ.

ಶೇಂಗಾ ಎಣ್ಣೆಗೆ ದರ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕರಿಯುವ ಪದಾರ್ಥ ಒಂದು ಕಡಿಮೆ ಮಾಡಿದರೆ ಆ ವ್ಯತ್ಯಾಸ ಅಲ್ಲಿಯೇ ತುಂಬುತ್ತದೆ. ಡಬ್ಬದ ಮೇಲಿನ ಚಿತ್ರ ನೋಡಬೇಡಿ, ಸಣ್ಣ ಅಕ್ಷರ ಓದಿ. ಮುಂದೆ ಶೇಂಗಾದ ಚಿತ್ರವಿದ್ದು, ಹಿಂದೆ ‘ಮಿಶ್ರ ಖಾದ್ಯ ತೈಲ’ ಎಂದು ಇದ್ದರೆ ಅದರಲ್ಲಿ ಬೇರೆ ಎಣ್ಣೆ ಸೇರಿದೆ. ಹಿಂಡಿ ದನಗಳಿಗೆ ಆಗುತ್ತದೆ, ಹೊಟ್ಟು ಒಲೆಗೆ ಆಗುತ್ತದೆ. ಶೇಂಗಾದಲ್ಲಿ ಎಸೆಯುವಂಥದ್ದು ಏನೂ ಇಲ್ಲ.

ಅಡುಗೆ ಗುತ್ತಿಗೆದಾರ, ಹಳೇಪೇಟೆ

ಗಿರಣಿ ಅಣ್ಣನವರ ಮಾತು ಸರಿ. ಆದರೆ ಒಂದು ತೊಡಕಿದೆ. ಗುತ್ತಿಗೆಗೆ ಒಟ್ಟು ಮೊತ್ತ ಮಾತನಾಡುವಾಗ ಯಾವ ಎಣ್ಣೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅಡುಗೆಯವನು ಅಗ್ಗದ್ದನ್ನೇ ತರುತ್ತಾನೆ, ಅವನಿಗೂ ಸಂಸಾರವಿದೆ. ಎಣ್ಣೆ, ಅಕ್ಕಿ, ಬೇಳೆಗಳನ್ನು ಮನೆಯವರೇ ತಂದುಕೊಟ್ಟು, ಅಡುಗೆಯವನಿಗೆ ಕೂಲಿ ಮಾತ್ರ ಮಾತನಾಡುವುದು ಸರಿಯಾದ ದಾರಿ. ಆಗ ಯಾವುದು ಎಲ್ಲಿಂದ ಬಂತು ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಮನೆಯವರು ತರುವ ಸಾಮಾನಿನಲ್ಲಿ ಸಿರಿಧಾನ್ಯಕ್ಕೂ ಜಾಗವಿದೆ. ನವಣೆ ಅಕ್ಕಿಯ ಪಾಯಸ ಮಾಡಿಕೊಡುತ್ತೇನೆ, ಮಕ್ಕಳೂ ಇಷ್ಟಪಡುತ್ತಾರೆ.

ಮಂಡಕ್ಕಿ ಪ್ರಿಯೆ, ವಿನೋಬನಗರ

ಸಂಜೆ ಉಳಿದವರಿಗೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ದಾವಣಗೆರೆಯ ಗೃಹಪ್ರವೇಶ ಮುಗಿಯುವುದುಂಟೇ? ಮಂಡಕ್ಕಿ ಕೊಳ್ಳುವಾಗ ಭಟ್ಟಿಗೆ ಏನು ಉರಿಸುತ್ತಾರೆ ಎಂದು ಕೇಳಿ. ಹಿಂದೆ ಹಳೆಯ ಟೈರ್ ಉರಿಸಿದ ಹೊಗೆಯಿಂದ ಭಟ್ಟಿಗಳ ಸುತ್ತಲಿನವರು ಬಹಳ ನರಳಿದ್ದಾರೆ. ಭತ್ತದ ಹೊಟ್ಟು ಉರಿಸುವವರ ಬಳಿಯೇ ಕೊಳ್ಳೋಣ. ಗಾಳಿಯ ಗುಣಮಟ್ಟ ಸಾಲದೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ನಮ್ಮದೂ ಒಂದು. ಹಾಗೆಯೇ, ನೀರೊಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುವ ಅಭ್ಯಾಸ ನಮ್ಮ ಮನೆಗಳಿಂದ ಹೋಗಲೇಬೇಕು. ಆ ಹೊಗೆಯನ್ನು ಮೊದಲು ಕುಡಿಯುವುದು ಒಲೆಯ ಮುಂದೆ ಕೂತವರು.

ಕೋಟೆ ಬೀದಿಯ ವಿದ್ಯಾರ್ಥಿ, ಚಿತ್ರದುರ್ಗ

ಹರಿಹರದ ಅಣ್ಣನವರು ಬರೆದ ಕುಸನೂರಿನ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದಗಳು. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ತಯಾರಕರ ಹೊಣೆಯನ್ನು ಯಾರೂ ಬಿಟ್ಟುಕೊಡಬಾರದು. ಪ್ಲಾಸ್ಟಿಕ್ ಪೊಟ್ಟಣ ಮಾರುವ ಕಂಪನಿಗಳೇ ಅದನ್ನು ಹಿಂದಕ್ಕೆ ಪಡೆದು ಸಂಸ್ಕರಿಸಬೇಕು ಎಂಬ ಮಾರ್ಗಸೂಚಿ 2022ರ ಫೆಬ್ರವರಿಯಲ್ಲಿ ಬಂದಿದೆ. ಚಿಪ್ಸ್, ಶಾಂಪೂ ಪೊಟ್ಟಣಗಳಂಥ ಪದರಪದರದ ಹಾಳೆಯನ್ನು ಗುಜರಿಯವರು ಮುಟ್ಟುವುದಿಲ್ಲ, ನಮ್ಮ ಓಣಿಯಲ್ಲಿ ಬೀಳುವುದು ಹೆಚ್ಚಾಗಿ ಅವೇ. ನಾವು ಕೊಳ್ಳದಿರುವುದರ ಜೊತೆಗೆ ನಗರಸಭೆಯನ್ನೂ ಕಂಪನಿಗಳನ್ನೂ ಕೇಳಬೇಕು. ನಮ್ಮ ಕಾಲೇಜಿನಲ್ಲಿ ಗೆಳೆಯರೊಡನೆ ಇದನ್ನು ಮಾತನಾಡುತ್ತೇನೆ.

ಹೊಳೆದಂಡೆ, ಹರಿಹರ

ಅದನ್ನೇ ಮಾಡು, ತಮ್ಮಾ. ಅರ್ಜಿ ಬರೆಯುವಾಗ ನೆರವು ಬೇಕಾದರೆ ಇಲ್ಲಿಯೇ ಕೇಳು.

ಕುಂದುವಾಡ ಕೆರೆ ಪಕ್ಕದ ಟೀಚರ್

ಎಲ್ಲರಿಗೂ ಮನಸಾರೆ ಕೃತಜ್ಞತೆ. ಮನೆಯಲ್ಲಿ ಕೂತು ಮಾತನಾಡಿದೆವು. ಪಂಕ್ತಿ ಊಟ, ಬಾಳೆ ಎಲೆ, ಸ್ಟೀಲ್ ಲೋಟ. ನೀರಿಗೆ ಡ್ರಮ್. ಒಂದು ಸಿಹಿ ಹೋಳಿಗೆ, ನವಣೆ ಪಾಯಸ ಪ್ರಸಾದವಾಗಿ ಸ್ವಲ್ಪ ಮಾತ್ರ. ಎಣ್ಣೆಯನ್ನು ನಾವೇ ತರುತ್ತೇವೆ, ಚಳ್ಳಕೆರೆಯಿಂದಲೇ. ಯಜಮಾನರಿಗೆ ಬಾಟಲಿ ಇಲ್ಲದಿರುವುದು ಇನ್ನೂ ಅಳುಕು, ಅವರ ಕಚೇರಿಯವರು ಏನೆನ್ನುತ್ತಾರೋ ಎಂದು. ನನಗೆ ಆ ಅಳುಕಿಲ್ಲ. ಮಾವನವರು ‘ಜಾಮೂನು ಇಲ್ಲವೇ’ ಎಂದು ಕೇಳಿದ್ದಾರೆ, ಅವರೊಬ್ಬರಿಗೆ ಮನೆಯಲ್ಲಿ ಮಾಡಿಕೊಡುತ್ತೇನೆ.

ಎರಡು ಪ್ರಶ್ನೆಗಳು ಉಳಿದಿವೆ. ಉಂಡ ಎಲೆಗಳನ್ನು ಯಾರಿಗೆ ಕೊಡುವುದು? ಪಾಲಿಕೆಗೆ ಕೊಡುವ ಪತ್ರದಲ್ಲಿ ಏನು ಬರೆಯಬೇಕು?

ಅಡುಗೆ ಗುತ್ತಿಗೆದಾರ, ಹಳೇಪೇಟೆ

ಎಲೆಗಳನ್ನು ಹಸು ಸಾಕಿದವರು ಬಂದು ಒಯ್ಯುತ್ತಾರೆ, ನನಗೆ ಪರಿಚಯದವರು ಇದ್ದಾರೆ, ಹೇಳಿಡುತ್ತೇನೆ. ಆದರೆ ಎಲೆಯ ಜೊತೆ ಕಾಗದದ ಕರವಸ್ತ್ರ, ಐಸ್‌ಕ್ರೀಂ ಚಮಚ, ಬೀಡಾಕ್ಕೆ ಚುಚ್ಚಿದ ಕಡ್ಡಿ ಸೇರಬಾರದು. ದನ ಅದನ್ನೂ ನುಂಗುತ್ತದೆ. ಎಲೆ ಎತ್ತುವ ಹುಡುಗರ ಬಳಿ ಎರಡು ಬುಟ್ಟಿ ಇರಲಿ. ಎಲೆಯ ಲೆಕ್ಕವನ್ನು ಮುಂಚಿತವಾಗಿ ಹೇಳಿ, ಮದುವೆಯ ಕಾಲ, ಮಾರುಕಟ್ಟೆಯಲ್ಲಿ ಒಮ್ಮೆಲೇ ಸಿಗುವುದಿಲ್ಲ.

ನಿವೃತ್ತ ಆರೋಗ್ಯ ನಿರೀಕ್ಷಕ

ಪತ್ರ ಸರಳವಾಗಿರಲಿ. ಆಯುಕ್ತರಿಗೆ ಬರೆಯಿರಿ, ಆರೋಗ್ಯ ವಿಭಾಗದ ಗಮನಕ್ಕೆ ಎಂದು ಕೆಳಗೆ ಸೇರಿಸಿ. ದಿನಾಂಕ, ವಾರ್ಡ್, ನಿವೇಶನದ ಗುರುತು, ಬರುವವರ ಅಂದಾಜು ಸಂಖ್ಯೆ, ಊಟ ಮುಗಿಯುವ ಹೊತ್ತು. ಹಸಿ ಕಸ, ಒಣ ಕಸ ಬೇರೆ ಬೇರೆ ಇಟ್ಟಿರುತ್ತೇವೆ, ಸಂಜೆ ಇಷ್ಟು ಗಂಟೆಗೆ ಗಾಡಿ ಕಳುಹಿಸಿ ಎಂದು ಸ್ಪಷ್ಟವಾಗಿ ತಿಳಿಸಿ. ಸ್ವೀಕೃತಿಯ ಮೊಹರು ಇರುವ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಗಾಡಿಯೊಂದಿಗೆ ಬರುವ ಪೌರಕಾರ್ಮಿಕರಿಗೂ ಎಲೆ ಹಾಕಿ ಕೂರಿಸಿ ಊಟ ಬಡಿಸಿ, ಅವರ ಸಂಖ್ಯೆಯನ್ನೂ ಅಡುಗೆಯವರಿಗೆ ಹೇಳಿಡಿ.